ಶಿಶುವಿಹಾರದ ಶಿಕ್ಷಕಿಯರ ತರಬೇತಿಗೆ ಹಣ ಎಲ್ಲಿಂದ? ಲೆಕ್ಕದಿಂದ ಅರ್ಜಿಯವರೆಗೆ

ಪುಟ್ಟ ಮಕ್ಕಳ ಶಿಕ್ಷಕಿಯರಿಗೆ ತರಬೇತಿ ಕೊಡಿಸುವ ಮಾತು ಬಂದರೆ ಆಡಳಿತ ಮಂಡಳಿಯವರು ಮೊದಲು ಕೇಳುವುದು ‘ಶುಲ್ಕ ಎಷ್ಟು?’ ಎಂದು. ಆದರೆ ಬಹಳಷ್ಟು ಸಲ ಶುಲ್ಕ ದೊಡ್ಡ ಖರ್ಚೇ ಅಲ್ಲ. ಭಾನುವಾರ ಮನೆ ಬಿಟ್ಟು ಬರುವ ಶಿಕ್ಷಕಿಯ ಆ ದಿನದ ಸಂಬಳ, ಎರಡು ಬಸ್ ಬದಲಿಸಿ ಬರುವ ಖರ್ಚು, ಆಕೆ ಇಲ್ಲದಾಗ ತರಗತಿ ನೋಡಿಕೊಳ್ಳುವವರಿಗೆ ಕೊಡಬೇಕಾದ ಹಣ, ತಿಂಗಳ ನಂತರ ತರಗತಿಗೆ ಬಂದು ‘ಕಲಿತದ್ದು ನಡೆಯುತ್ತಿದೆಯೇ?’ ಎಂದು ನೋಡುವವರ ಸಂಭಾವನೆ: ಇವಕ್ಕೆ ಯಾರೂ ಹಣ ತೆಗೆದಿಡುವುದಿಲ್ಲ. ಉಚಿತ ತರಬೇತಿಗಳೂ ಪೋಲಾಗುವುದು ಇದೇ ಕಾರಣಕ್ಕೆ. ಆದ್ದರಿಂದ ಇಲ್ಲಿ ಶಿಕ್ಷಕಿಯ ದಿನದ ಬೆಲೆಯಿಂದ ಲೆಕ್ಕ ಆರಂಭಿಸೋಣ. ದಾನಿಗಳ ಬಾಗಿಲು ತಟ್ಟುವುದು ಕೊನೆಗೆ.

ಕರ್ನಾಟಕದಲ್ಲಿ ಈ ಕೆಲಸ ಮಾಡುವವರು ಮುಖ್ಯವಾಗಿ ಮೂರು ಕಡೆ ಇದ್ದಾರೆ. ಅಂಗನವಾಡಿ ಕಾರ್ಯಕರ್ತೆಯರು, ಸರ್ಕಾರಿ ಶಾಲೆಗಳ ಎಲ್‌ಕೆಜಿ–ಯುಕೆಜಿ ಅತಿಥಿ ಶಿಕ್ಷಕಿಯರು, ಟ್ರಸ್ಟ್ ಅಥವಾ ವ್ಯಕ್ತಿಗಳು ನಡೆಸುವ ಖಾಸಗಿ ಶಿಶುವಿಹಾರಗಳ ಶಿಕ್ಷಕಿಯರು. ಮೊದಲನೆಯವರಿಗೆ ಒಂದು ವ್ಯವಸ್ಥೆಯಾದರೂ ಇದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ, ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಅದರಲ್ಲಿ ನಮ್ಮ ತಿ. ನರಸೀಪುರವೂ ಸೇರಿತ್ತು, ಅಂದಿನಿಂದ ಕಾರ್ಯಕರ್ತೆಯರ ತರಬೇತಿ ಸರ್ಕಾರದ ಹೊಣೆ. ಮೂರನೆಯವರಿಗೆ ಅಂತಹ ಹೊಣೆ ಹೊತ್ತವರು ಯಾರೂ ಇಲ್ಲ. ಅದಕ್ಕೇ ಈ ಬರಹದ ಹೆಚ್ಚಿನ ಭಾಗ ಅವರಿಗೆ ಮೀಸಲು.

ಹಂತ 1: ಯಾವ ತರಬೇತಿ ಎಂಬುದನ್ನು ತರಗತಿಯಲ್ಲೇ ಗೊತ್ತುಮಾಡಿಕೊಳ್ಳಿ

ತರಬೇತಿ ಸಂಸ್ಥೆಯ ಕರಪತ್ರ ನೋಡಿ ವಿಷಯ ಆರಿಸಬೇಡಿ. ಪ್ರತಿ ಶಿಕ್ಷಕಿಯ ತರಗತಿಯಲ್ಲಿ ಇಪ್ಪತ್ತು ನಿಮಿಷ ಹಿಂದೆ ಕುಳಿತು ನೋಡಿ. ಕಥೆ ಹೇಳುವಾಗ ಮಕ್ಕಳಿಗೆ ಬಾಯಿಬಿಡಲು ಅವಕಾಶ ಸಿಗುತ್ತಿದೆಯೇ? ಅಳುವ ಮಗುವನ್ನು ಹೇಗೆ ಸಮಾಧಾನಪಡಿಸುತ್ತಾರೆ? ಮನೆಯಲ್ಲಿ ಲಂಬಾಣಿ, ತುಳು, ಉರ್ದು ಆಡುವ ಮಗುವಿನೊಡನೆ ಯಾವ ಭಾಷೆಯಲ್ಲಿ ಮಾತು ಆರಂಭಿಸುತ್ತಾರೆ? ಮಾತು ತಡವಾದ ಮಗುವನ್ನು ಗುರುತಿಸಲು ಅವರಿಗೆ ಬರುತ್ತದೆಯೇ? ಆಮೇಲೆ ಶಿಕ್ಷಕಿಯರನ್ನೇ ಕೇಳಿ: ‘ದಿನದ ಯಾವ ಹೊತ್ತು ನಿಮಗೆ ಅತ್ಯಂತ ಕಷ್ಟ?’ ಈ ಎರಡರಿಂದ ಬಂದ ಒಂದೋ ಎರಡೋ ವಿಷಯ ಒಂದು ವರ್ಷಕ್ಕೆ ಸಾಕು.

ಎಷ್ಟು ಗಂಟೆ ಬೇಕು ಎಂಬುದಕ್ಕೆ ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿ ಒಂದು ಅಳತೆ ಇದೆ. ಶಿಕ್ಷಕರು ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಬೆಳವಣಿಗೆಯಲ್ಲಿ ತೊಡಗಬೇಕು ಎನ್ನುತ್ತದೆ ಅದು. ಹಾಗೆಂದರೆ ಆರು ಗಂಟೆಯ ಆರು ದಿನ, ಉಳಿದ 14 ಗಂಟೆ ತಿಂಗಳ ಸಭೆಗಳಲ್ಲಿ ಮತ್ತು ಮೊಬೈಲ್ ಪಾಠಗಳಲ್ಲಿ. ಚಿಕ್ಕ ಶಾಲೆಗೂ ಇದು ಸಾಧ್ಯ.

ಹಂತ 2: ಪೂರ್ತಿ ಖರ್ಚು ಬರೆಯಿರಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಆರು ಶಿಕ್ಷಕಿಯರು, 90 ಮಕ್ಕಳು, ತಿಂಗಳ ಸಂಬಳ 12,000 ರೂಪಾಯಿ. ತಿಂಗಳಿಗೆ 25 ದಿನದ ಕೆಲಸ ಎಂದರೆ ದಿನಕ್ಕೆ 480 ರೂಪಾಯಿ.

- ಆರು ಜನರಿಗೆ ಆರು ರಜಾದಿನಗಳ ಸಂಬಳ: 17,280
- ಮೂರು ದಿನ ಹೊರಗಿನ ಸಂಪನ್ಮೂಲ ವ್ಯಕ್ತಿ (ತರಬೇತಿ ಕೊಡುವವರು), ದಿನಕ್ಕೆ 5,000: 15,000
- ಬಸ್, ಊಟ, ತಲಾ ದಿನಕ್ಕೆ 150: 5,400
- ಕಲಿಕಾ ಸಾಮಗ್ರಿ: 6,000
- ತರಬೇತಿಯ ನಂತರ ತರಗತಿಗೆ ನಾಲ್ಕು ಭೇಟಿ, ತಲಾ 2,500: 10,000

ಒಟ್ಟು 53,680 ರೂಪಾಯಿ. ಮಗುವೊಂದಕ್ಕೆ ವರ್ಷಕ್ಕೆ ಸುಮಾರು 596, ಅಂದರೆ ತಿಂಗಳಿಗೆ 50 ರೂಪಾಯಿ. ಆಡಳಿತ ಮಂಡಳಿಯ ಮುಂದೆ ಇಡಬೇಕಾದ್ದು ಈ ಕೊನೆಯ ಸಂಖ್ಯೆಯನ್ನು. ಅರ್ಧ ಲಕ್ಷ ಎಂದರೆ ಹೌಹಾರುವವರೂ ಮಗುವಿಗೆ ತಿಂಗಳಿಗೆ 50 ಎಂದರೆ ಕುಳಿತು ಮಾತನಾಡುತ್ತಾರೆ.

ಪಟ್ಟಿಯಲ್ಲಿ ಕತ್ತರಿಸಲು ಹೊರಟರೆ ಎಲ್ಲರ ಕಣ್ಣು ಕೊನೆಯ ಸಾಲಿನ ಮೇಲೆ ಬೀಳುತ್ತದೆ. ನನ್ನನ್ನು ಕೇಳಿದರೆ ಅದೊಂದನ್ನು ಮಾತ್ರ ಮುಟ್ಟಬಾರದು. ಸಂಪನ್ಮೂಲ ವ್ಯಕ್ತಿಯ ಒಂದು ದಿನ ಕಡಿಮೆಯಾದರೂ ನಡೆದೀತು. ತರಗತಿಗೆ ಬಂದು ಪಕ್ಕದಲ್ಲಿ ಕುಳಿತು ತಿದ್ದುವವರು ಇಲ್ಲದಿದ್ದರೆ ಕಾರ್ಯಾಗಾರದಲ್ಲಿ ಕಲಿತ ಹಾಡು ಉಳಿಯುತ್ತದೆ, ಕಲಿಸುವ ರೀತಿ ಹಳೆಯದಕ್ಕೇ ಮರಳುತ್ತದೆ.

ಇನ್ನೊಂದು ಖರ್ಚು ಎಚ್ಚರ ತಪ್ಪಿದರೆ ಕೊನೆಗೆ ಬಂದು ನಿಲ್ಲುತ್ತದೆ. ಖಾಸಗಿ ತರಬೇತಿ ಕಂಪನಿಗಳ ಬಿಲ್ಲಿಗೆ ಸಾಮಾನ್ಯವಾಗಿ ಶೇ 18 ಜಿಎಸ್‌ಟಿ ಸೇರುತ್ತದೆ. ಶಾಲಾಪೂರ್ವ ಶಿಕ್ಷಣಕ್ಕೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ, ಕಟ್ಟಿದ ಆ ತೆರಿಗೆಯನ್ನು ಶಾಲೆ ಎಲ್ಲಿಯೂ ಹೊಂದಿಸಿಕೊಳ್ಳಲಾಗದು. 20,000ದ ತರಬೇತಿ ಕೈಯಿಂದ 23,600 ಕೀಳುತ್ತದೆ. ದರ ಕೇಳುವಾಗಲೇ ‘ತೆರಿಗೆ ಸೇರಿ ಎಷ್ಟು?’ ಎಂದು ಕೇಳಿ, ಬರಹದಲ್ಲಿ ಪಡೆಯಿರಿ.

ಹಂತ 3: ಉಚಿತವಾಗಿ ಸಿಗುವುದನ್ನು ಮೊದಲು ಪಡೆಯಿರಿ

ಅಂಗನವಾಡಿ ಕಾರ್ಯಕರ್ತೆಯರಿಗೆ: ಕೇಂದ್ರದ ‘ಪೋಷಣ್ ಭೀ ಪಢಾಯಿ ಭೀ’ ಕಾರ್ಯಕ್ರಮ 2023ರ ಮೇ ತಿಂಗಳಲ್ಲಿ ಆರಂಭವಾಯಿತು. ಶಾಲಾಪೂರ್ವ ಶಿಕ್ಷಣದ ತರಬೇತಿಯೇ ಇದರ ತಿರುಳು. ಇದರ ಜೊತೆಗೆ ಮೂರರಿಂದ ಆರು ವರ್ಷದವರಿಗೆ ‘ಆಧಾರಶಿಲಾ’ ಪಠ್ಯಕ್ರಮ, ಮೂರು ವರ್ಷದೊಳಗಿನವರಿಗೆ ‘ನವಚೇತನಾ’ ಚೌಕಟ್ಟು 2024ರಲ್ಲಿ ಬಂದಿವೆ. ನಿಮ್ಮ ಸರದಿ ಯಾವಾಗ ಎಂದು ವೃತ್ತದ ಮೇಲ್ವಿಚಾರಕಿಯನ್ನು ಕೇಳಿ. ತಪ್ಪಿದ್ದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಲಿಖಿತವಾಗಿ ಕೊಡಿ. ತರಬೇತಿಗೆ ಹೋದಾಗ ಪ್ರಯಾಣ ಭತ್ಯೆ, ದಿನಭತ್ಯೆಯ ವಿಚಾರವನ್ನು ಅಲ್ಲಿಯೇ ಕೇಳಿ, ಬಸ್ ಟಿಕೆಟ್ ಎಸೆಯಬೇಡಿ. ನಾಚಿಕೆಪಟ್ಟುಕೊಂಡು ಬಿಟ್ಟ ಭತ್ಯೆ ಯಾರಿಗೂ ಉಪಯೋಗವಾಗುವುದಿಲ್ಲ.

ಶಿಕ್ಷಣ ನೀತಿಯಲ್ಲಿ ಕಾರ್ಯಕರ್ತೆಯರ ಬಗ್ಗೆ ಇನ್ನೊಂದು ಮಾತಿದೆ. ಪಿಯುಸಿ ಅಥವಾ ಅದಕ್ಕಿಂತ ಹೆಚ್ಚು ಓದಿದವರಿಗೆ ಆರು ತಿಂಗಳ ಪ್ರಮಾಣಪತ್ರ ಕೋರ್ಸ್, ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ, ಅದೂ ಕೆಲಸಕ್ಕೆ ಅಡ್ಡಿಯಾಗದಂತೆ ಮೊಬೈಲ್ ಮತ್ತು ಟಿ.ವಿ. ಮೂಲಕ, ತಿಂಗಳಿಗೆ ಕನಿಷ್ಠ ಒಂದು ಮುಖಾಮುಖಿ ತರಗತಿಯೊಂದಿಗೆ. ಇದು ನಿಮ್ಮ ಜಿಲ್ಲೆಗೆ ಬರುವ ಮೊದಲೇ ಖಾಸಗಿಯವರಿಗೆ ದುಡ್ಡು ಕಟ್ಟಲು ಅವಸರಪಡಬೇಡಿ. ಓದು ಮುಂದುವರಿಸಬೇಕೆಂದಿದ್ದರೆ ಪದವಿಯತ್ತ ಹೋಗುವುದು ಮೇಲು. ಮೇಲ್ವಿಚಾರಕಿಯರ ಹುದ್ದೆಗಳಲ್ಲಿ ಶೇ 50ರಷ್ಟನ್ನು ಐದು ವರ್ಷ ಸೇವೆ ಸಲ್ಲಿಸಿದ, ಇತರ ಅರ್ಹತೆಯುಳ್ಳ ಕಾರ್ಯಕರ್ತೆಯರ ಬಡ್ತಿಯಿಂದ ತುಂಬಬೇಕು ಎಂಬುದು ಕೇಂದ್ರದ ಮಾರ್ಗಸೂಚಿ. ನಿಮ್ಮ ನೇಮಕಾತಿ ನಿಯಮದಲ್ಲಿ ಯಾವ ಅರ್ಹತೆ ಕೇಳಿದ್ದಾರೆ ಎಂಬುದನ್ನು ತಿಳಿದುಕೊಂಡು ಆಮೇಲೆ ಹಣ ಖರ್ಚು ಮಾಡಿ.

ಸರ್ಕಾರಿ ಶಾಲೆಯ ಎಲ್‌ಕೆಜಿ–ಯುಕೆಜಿ ಶಿಕ್ಷಕಿಯರಿಗೆ: ಮುಖ್ಯಶಿಕ್ಷಕರ ಮೂಲಕ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಶಿಕ್ಷಣ ಇಲಾಖೆಯವರು) ಪತ್ರ ಕೊಟ್ಟು ಸಮಾಲೋಚನಾ ಸಭೆಗೆ ಸೇರಿಸಿಕೊಳ್ಳುವಂತೆ ಕೇಳಿ. ಅತಿಥಿ ಶಿಕ್ಷಕಿ ಎಂಬ ಕಾರಣಕ್ಕೆ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗುವುದು ಸಾಮಾನ್ಯ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳ ಪೂರ್ವ ಪ್ರಾಥಮಿಕ ವಿಭಾಗಕ್ಕೆ ಮಗುವಿಗೆ ವರ್ಷಕ್ಕೆ 500 ರೂಪಾಯಿವರೆಗೆ ಆಟಿಕೆ, ಕಲಿಕಾ ಸಾಮಗ್ರಿಗೆ ಅವಕಾಶವಿದೆ. ನಿಮ್ಮ ಶಾಲೆಗೆ ಅದು ಬಂದಿದೆಯೇ ಎಂದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕೇಳಿ. ಬಂದಿದ್ದರೆ ತರಬೇತಿಯ ಪಟ್ಟಿಯಿಂದ ಸಾಮಗ್ರಿಯ ಸಾಲನ್ನು ಅಳಿಸಿಬಿಡಬಹುದು.

ಎಲ್ಲರಿಗೂ: ಸರ್ಕಾರದ ‘ದೀಕ್ಷಾ’ ಆನ್‌ಲೈನ್ ವೇದಿಕೆಯಲ್ಲಿ ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನ ಕುರಿತ ‘ನಿಷ್ಠಾ’ ಶಿಕ್ಷಕ ತರಬೇತಿ ಪಾಠಗಳಿವೆ. ಕೇಂದ್ರ ಸರ್ಕಾರದ ‘ಸ್ವಯಂ’ ಆನ್‌ಲೈನ್ ವೇದಿಕೆಯ ಕೋರ್ಸ್‌ಗಳನ್ನು ಓದಲು ಹಣ ಬೇಕಿಲ್ಲ, ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯುವವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಬೇಕು. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಉಚಿತ. ಆದರೆ ‘ಲಿಂಕ್ ಕಳಿಸಿದ್ದೇನೆ, ಮನೆಯಲ್ಲಿ ನೋಡಿಕೊಳ್ಳಿ’ ಎನ್ನುವುದು ತರಬೇತಿಯಲ್ಲ. ಮನೆಯಲ್ಲಿ ಒಂದೇ ಮೊಬೈಲ್, ಅದೂ ಸಂಜೆ ಮಕ್ಕಳ ಕೈಯಲ್ಲಿ. ಶನಿವಾರ ಮಕ್ಕಳು ಹೋದ ಮೇಲೆ ಶಾಲೆಯಲ್ಲೇ ಒಂದು ಗಂಟೆ, ಶಾಲೆಯದೇ ಇಂಟರ್‌ನೆಟ್‌ನಲ್ಲಿ, ಒಟ್ಟಿಗೆ ನೋಡಿ ಚರ್ಚಿಸಿ. ಆ ಗಂಟೆಗೆ ಸಂಬಳವಿರಲಿ.

ಹಂತ 4: ದೀರ್ಘ ಕೋರ್ಸ್‌ಗೆ ಹಣ ಕಟ್ಟುವ ಮುನ್ನ

ಈ ಕ್ಷೇತ್ರದಲ್ಲಿ ಶಿಕ್ಷಕಿಯರು ಅತಿ ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲಿ. ‘ಎನ್‌ಟಿಟಿ’ (ನರ್ಸರಿ ಶಿಕ್ಷಕಿಯರ ತರಬೇತಿ) ಹೆಸರಿನಲ್ಲಿ ಪ್ರತಿ ಪೇಟೆಯಲ್ಲೂ ಕೋರ್ಸ್ ನಡೆಯುತ್ತದೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ, ಅಂದರೆ ಎನ್‌ಸಿಟಿಇಯ 2014ರ ನಿಯಮಾವಳಿಯಲ್ಲಿ ಇರುವುದು ಎರಡು ವರ್ಷದ ಶಾಲಾಪೂರ್ವ ಶಿಕ್ಷಣ ಡಿಪ್ಲೊಮಾ, ಡಿಪಿಎಸ್‌ಇ. ಬೇರೆ ಪ್ರಮಾಣಪತ್ರದಿಂದ ಖಾಸಗಿ ಶಾಲೆಯಲ್ಲಿ ಕೆಲಸ ಸಿಗಬಹುದು, ಕಲಿಕೆಯೂ ಆಗಬಹುದು. ಸರ್ಕಾರಿ ನೇಮಕಾತಿಯ ಆಸೆಯಿಂದ ಸೇರುವವರು ಮಾತ್ರ ಮಾನ್ಯತೆಯನ್ನು ಪರಿಷತ್ತಿನ ಜಾಲತಾಣದಲ್ಲಿ ಸ್ವತಃ ನೋಡಿಯೇ ಮುಂದುವರಿಯಬೇಕು. ಗೋಡೆಯ ಮೇಲೆ ತೂಗುಹಾಕಿದ ಚೌಕಟ್ಟನ್ನು ನಂಬಬೇಡಿ.

ಕೆಲಸ ಬಿಡದೆ ಓದುವವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಶೈಶವ ಆರೈಕೆ ಮತ್ತು ಶಿಕ್ಷಣ ಡಿಪ್ಲೊಮಾ ಬಹಳ ಕಾಲದಿಂದ ಇದೆ, ಪಿಯುಸಿ ಆದವರು ಸೇರಬಹುದು. ಖಾಸಗಿ ಕೋರ್ಸ್‌ಗಳೊಂದಿಗೆ ಹೋಲಿಸಿದರೆ ಶುಲ್ಕ ಕಡಿಮೆ. ಮಾಂಟೆಸ್ಸೊರಿ ತರಬೇತಿಗೆ ಬೆಂಗಳೂರಿನಲ್ಲೇ ಒಳ್ಳೆಯ ಕೇಂದ್ರಗಳಿವೆ, ಆದರೆ ಅದು ದುಬಾರಿ, ದೀರ್ಘ. ಶಾಲೆ ನಿಜಕ್ಕೂ ಆ ಪದ್ಧತಿಯಲ್ಲಿ ನಡೆಯುವುದಾದರೆ, ಸಾಮಗ್ರಿ ಕೊಳ್ಳುವ ಶಕ್ತಿ ಇದ್ದರೆ ಮಾತ್ರ ಅತ್ತ ಹೋಗಿ. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ಶಿಕ್ಷಕಿಯರು ಪ್ರವೇಶಕ್ಕೆ ಮುನ್ನವೇ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಆ ಕೋರ್ಸ್, ಆ ಸಂಸ್ಥೆ ಇದೆಯೇ ಎಂದು ನೋಡಲಿ. ಶುಲ್ಕ ಕಟ್ಟಿದ ಮೇಲೆ ಹುಡುಕಿದರೆ ತಡವಾಗಿರುತ್ತದೆ. ಸಾಲ ಮಾಡಬೇಕೆನಿಸಿದರೆ, ಕೋರ್ಸ್ ನಂತರ ಸಂಬಳ ಎಷ್ಟು ಏರುತ್ತದೆ ಎಂದು ಶಾಲೆಯಿಂದ ಲಿಖಿತ ಮಾತು ಪಡೆಯಿರಿ. ಮಾತು ಸಿಗದಿದ್ದರೆ ಸಾಲ ಬೇಡ.

ಶಾಲೆಯೇ ಶುಲ್ಕ ಕಟ್ಟುವುದಾದರೆ ‘ಓದಿದ ಮೇಲೆ ಬಿಟ್ಟುಹೋದರೆ?’ ಎಂಬ ಭಯ ಸಹಜ. ಇದಕ್ಕೆ ಕೆಲವು ಕಡೆ ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತಾರೆ. ಅದು ದಬ್ಬಾಳಿಕೆ, ಮಾಡಬೇಡಿ. ಅದರ ಬದಲು ಒಂದು ಪುಟದ ಒಪ್ಪಂದ ಸಾಕು. 24,000 ರೂಪಾಯಿ ಶುಲ್ಕ, ಕೋರ್ಸ್ ಮುಗಿದ ಮೇಲೆ 24 ತಿಂಗಳ ಸೇವೆ. ಪ್ರತಿ ತಿಂಗಳು ಕೆಲಸ ಮಾಡಿದಂತೆ 1,000 ರೂಪಾಯಿ ಮಾಫಿ. ಹತ್ತನೆಯ ತಿಂಗಳ ಕೊನೆಗೆ ಬಿಟ್ಟರೆ 14,000 ಹಿಂತಿರುಗಿಸಬೇಕು. ಹೆರಿಗೆ, ಕಾಯಿಲೆ, ಶಾಲೆಯೇ ತೆಗೆದುಹಾಕಿದ ಸಂದರ್ಭಗಳಿಗೆ ವಿನಾಯಿತಿ ಬರೆಯಿರಿ. ಜೊತೆಗೆ ಕೋರ್ಸ್ ಮುಗಿದ ತಿಂಗಳಿಂದಲೇ ಸಂಬಳ ಏರಿಕೆಯ ಸಾಲೂ ಇರಲಿ. ಶಿಕ್ಷಕಿಯರನ್ನು ಉಳಿಸಿಕೊಳ್ಳುವುದು ಆ ಸಾಲೇ.

ಹಂತ 5: ಶಾಲೆಯ ಸ್ವಂತ ಬಜೆಟ್ಟಿನಲ್ಲಿ ಒಂದು ಸಾಲು

ಹೊರಗಿನವರನ್ನು ಕೇಳುವ ಮೊದಲು ನಿಮ್ಮ ಪಾಲು ತೋರಿಸಿ. ಮೇಲಿನ ಶಾಲೆಯ ವಾರ್ಷಿಕ ಸಂಬಳ 8,64,000 ರೂಪಾಯಿ. ಅದರ ಶೇ 2 ಎಂದರೆ 17,280, ಅಂದರೆ ಆರು ದಿನಗಳ ಸಂಬಳದ ಸಾಲು ಅಷ್ಟರಲ್ಲೇ ಮುಗಿಯಿತು. ಏಪ್ರಿಲ್‌ನಲ್ಲೇ ಪ್ರತ್ಯೇಕ ಶೀರ್ಷಿಕೆಯಲ್ಲಿ ತೆಗೆದಿಡಿ. ‘ಇತರೆ ಖರ್ಚು’ ಎಂಬಲ್ಲಿ ಸೇರಿಸಿದರೆ ಅದು ವಾರ್ಷಿಕೋತ್ಸವದ ಶಾಮಿಯಾನಕ್ಕೆ ಹೋಗುತ್ತದೆ.

ಆಮೇಲೆ ಪಕ್ಕದ ಎರಡು ಶಾಲೆಗಳನ್ನು ಜೊತೆ ಸೇರಿಸಿಕೊಳ್ಳಿ. ಆರು ಜನರಿಗೆ ಹೇಳುವ ಸಂಪನ್ಮೂಲ ವ್ಯಕ್ತಿ ಹದಿನೆಂಟು ಜನರಿಗೂ ಹೇಳುತ್ತಾರೆ, ಸಂಭಾವನೆ ಅದೇ 15,000. ಮೂರು ಶಾಲೆಗಳ ಒಟ್ಟು ಖರ್ಚು 1,31,040 ಆಗಿ, ಪ್ರತಿ ಶಾಲೆಯ ಪಾಲು 53,680ರಿಂದ 43,680ಕ್ಕೆ ಇಳಿಯುತ್ತದೆ. ಪ್ರತಿಸ್ಪರ್ಧಿ ಶಾಲೆಯೊಂದಿಗೆ ಹೇಗೆ ಎಂದು ಹಿಂಜರಿಯುವವರಿದ್ದಾರೆ. ಮಕ್ಕಳ ಪ್ರವೇಶಕ್ಕೆ ಪೈಪೋಟಿ ಇರಲಿ, ಶಿಕ್ಷಕಿಯರು ಒಟ್ಟಿಗೆ ಕಲಿಯುವುದಕ್ಕೆ ಅದು ಅಡ್ಡಿಯಾಗಬೇಕಿಲ್ಲ.

ಪೋಷಕರಿಂದ ಪ್ರತ್ಯೇಕ ‘ತರಬೇತಿ ಶುಲ್ಕ’ ವಸೂಲಿ ನನಗೆ ಸರಿ ಕಾಣುವುದಿಲ್ಲ. ಬೇಕಿದ್ದರೆ ಮುಂದಿನ ವರ್ಷದ ಶುಲ್ಕದಲ್ಲೇ ಸೇರಿಸಿ, ಕಾರಣ ಹೇಳಿ. ಪೋಷಕರ ಸಭೆಯೊಂದಕ್ಕೆ ಮಾತ್ರ ಖಂಡಿತ ಹಣ ಇಡಿ: ಆಟದ ಮೂಲಕ ಕಲಿಸುವ ತರಬೇತಿ ಪಡೆದ ಶಿಕ್ಷಕಿ ಬರೆಸುವುದನ್ನು ಕಡಿಮೆ ಮಾಡಿದ ಮರುವಾರವೇ ‘ಹೋಮ್‌ವರ್ಕ್ ಯಾಕಿಲ್ಲ?’ ಎಂಬ ದೂರು ಬರುತ್ತದೆ. ಅದಕ್ಕೆ ಸಿದ್ಧತೆ ಇಲ್ಲದಿದ್ದರೆ ತರಬೇತಿಗೆ ಹಾಕಿದ ಹಣ ಒಂದೇ ಸಭೆಯಲ್ಲಿ ನೀರಿಗೆ ಹೋಗುತ್ತದೆ.

ಹಂತ 6: ಹೊರಗಿನ ಬಾಗಿಲುಗಳು

ಗ್ರಾಮ ಪಂಚಾಯಿತಿ: ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಒಂದು. ಆದ್ದರಿಂದ ಅಂಗನವಾಡಿಯ ವಿಷಯ ಪಂಚಾಯಿತಿಯ ಅಭಿವೃದ್ಧಿ ಯೋಜನೆಗೆ ಸೇರಬಹುದು. ಗ್ರಾಮಸಭೆಯಲ್ಲಿ, ಮಕ್ಕಳ ಗ್ರಾಮಸಭೆಯಲ್ಲಿ ಬಾಲವಿಕಾಸ ಸಮಿತಿಯ ಮೂಲಕ ಬೇಡಿಕೆ ಇಡಿ. ಕೋರ್ಸ್ ಶುಲ್ಕ ಕೇಳುವುದಕ್ಕಿಂತ ಸಭಾಂಗಣ, ಊಟ, ಸಾಮಗ್ರಿ ಕೇಳುವುದು ಸುಲಭವಾಗಿ ಈಡೇರುತ್ತದೆ. ಸಂಸದರ, ಶಾಸಕರ ಪ್ರದೇಶಾಭಿವೃದ್ಧಿ ನಿಧಿಗೆ ಅಲೆಯಬೇಡಿ. ಅದು ಕಟ್ಟಡದಂತಹ ಶಾಶ್ವತ ಆಸ್ತಿಗಾಗಿ ಇರುವ ಹಣ.

ಸೇವಾ ಸಂಸ್ಥೆಗಳು: ರೋಟರಿಯಂತಹ ಕ್ಲಬ್‌ಗಳ ವರ್ಷ ಜುಲೈ 1ರಂದು ಆರಂಭ. ಮೇ–ಜೂನ್‌ನಲ್ಲಿ ನಿಯೋಜಿತ ಅಧ್ಯಕ್ಷರನ್ನು ಕಂಡರೆ ವರ್ಷದ ಯೋಜನೆಯಲ್ಲಿ ಜಾಗ ಸಿಗುತ್ತದೆ. ಫೆಬ್ರುವರಿಯಲ್ಲಿ ಹೋದರೆ ಚಹಾ ಸಿಗುತ್ತದೆ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ ಹಣ): ನಿವ್ವಳ ಮೌಲ್ಯ 500 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಇರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕೆಂಬುದು 2013ರ ಕಂಪನಿ ಕಾಯ್ದೆಯ 135ನೇ ಕಲಂ. ತಾವು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಅದೇ ಕಲಂ ಹೇಳುತ್ತದೆ. ಹಾಗಾಗಿ ಬೆಂಗಳೂರಿನ ದೊಡ್ಡ ಹೆಸರುಗಳಿಗೆ ಪತ್ರ ಬರೆಯುವ ಬದಲು ನಿಮ್ಮ ತಾಲ್ಲೂಕಿನ ಸಕ್ಕರೆ ಕಾರ್ಖಾನೆ, ಸಿಮೆಂಟ್ ಘಟಕ, ಕೈಗಾರಿಕಾ ಪ್ರದೇಶದ ಕಂಪನಿಗಳ ಪಟ್ಟಿ ಮಾಡಿ.

ಹಣ ಪಡೆಯುವ ಟ್ರಸ್ಟ್ ಅಥವಾ ಸೊಸೈಟಿಗೆ ಆದಾಯ ತೆರಿಗೆ ಇಲಾಖೆಯ 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ವಿನಾಯಿತಿ) ನೋಂದಣಿ, ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್–1 ಸಂಖ್ಯೆ, ಅದೇ ಬಗೆಯ ಕೆಲಸದಲ್ಲಿ ಮೂರು ವರ್ಷದ ಅನುಭವ ಬೇಕು. ವ್ಯಕ್ತಿಯ ಹೆಸರಿನಲ್ಲಿ ನಡೆಯುವ ಶಿಶುವಿಹಾರಕ್ಕೆ ನೇರವಾಗಿ ಈ ಹಣ ಬಾರದು. ಅನುಭವವಿರುವ ಟ್ರಸ್ಟ್ ಒಂದು ತರಬೇತಿ ನಡೆಸಿ, ನಿಮ್ಮ ಶಿಕ್ಷಕಿಯರು ಅದರಲ್ಲಿ ಭಾಗವಹಿಸಬಹುದು. ಅಂಗನವಾಡಿಗಳಿಗಾಗಿ ನಡೆಸುವುದಾದರೆ ಯೋಜನಾಧಿಕಾರಿ ಮೂಲಕ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಉಪನಿರ್ದೇಶಕರ ಅನುಮತಿಯನ್ನು ಮೊದಲು ಪಡೆಯಿರಿ. ಒಂದು ದಿನದ ಸಮಾರಂಭವನ್ನು ಕೇಳಬೇಡಿ, ವರ್ಷದ ಕಾರ್ಯಕ್ರಮವಾಗಿ ಬರೆಯಿರಿ. ಉತ್ಪನ್ನದ ಪ್ರಚಾರಕ್ಕಾಗಿ ಕೊಡುವ ಪ್ರಾಯೋಜಕತ್ವ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ ಎಂಬುದೂ ನೆನಪಿರಲಿ.

ಹೊರದೇಶದ ಕನ್ನಡಿಗರು: ಊರಿನ ಹುಡುಗ ಅಮೆರಿಕದಲ್ಲಿದ್ದಾನೆ, ಕೇಳಿದರೆ ಕೊಡುತ್ತಾನೆ. ಕೊಡುವ ಮೊದಲು ಒಂದು ಪ್ರಶ್ನೆ: ಅವನ ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತೀಯ ಪೌರತ್ವ ಉಳಿಸಿಕೊಂಡವನು ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರನಾಗಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಇಲ್ಲದ ಟ್ರಸ್ಟ್ ಅದನ್ನು ಪಡೆಯುವಂತಿಲ್ಲ. ನೋಂದಣಿ ಇರುವ ಬೇರೆ ಸಂಸ್ಥೆಯ ಖಾತೆಗೆ ಹಾಕಿಸಿ ಅಲ್ಲಿಂದ ವರ್ಗಾಯಿಸಿಕೊಳ್ಳುವ ದಾರಿಯೂ 2020ರ ತಿದ್ದುಪಡಿಯಿಂದ ಮುಚ್ಚಿದೆ. ಕನ್ನಡ ಕೂಟಗಳ ಹಣಕ್ಕೂ ಇದೇ ನಿಯಮ. ಸ್ಥಳೀಯ ದಾನಿಗಳಿಗೆ ಹೇಳಬೇಕಾದ್ದು ಇಷ್ಟೇ: 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ 80ಜಿ ವಿನಾಯಿತಿ ಸಿಗುವುದಿಲ್ಲ.

ಹಂತ 7: ಒಂದು ಪುಟದ ಅರ್ಜಿ

ಆರು ವರ್ಷದೊಳಗೆ ಮೆದುಳಿನ ಬೆಳವಣಿಗೆಯ ಶೇ 85 ಮುಗಿಯುತ್ತದೆ ಎಂಬ ಸಾಲಿನಿಂದ ಎಲ್ಲ ಅರ್ಜಿಗಳೂ ಆರಂಭವಾಗುತ್ತವೆ. ಶಿಕ್ಷಣ ನೀತಿಯಲ್ಲೇ ಇರುವ ಮಾತು, ನಿಜ, ಆದರೆ ಕೇಳುವವರು ಅದನ್ನು ನೂರು ಸಲ ಕೇಳಿದ್ದಾರೆ. ನಿಮ್ಮ ಊರಿನ ಲೆಕ್ಕದಿಂದ ಆರಂಭಿಸಿ. ಹೀಗೆ:

‘ನಮ್ಮ ಮೂರು ಶಿಶುವಿಹಾರಗಳಲ್ಲಿ 18 ಶಿಕ್ಷಕಿಯರು 270 ಮಕ್ಕಳಿಗೆ ಕಲಿಸುತ್ತಾರೆ. ಕಥೆಯ ಅವಧಿಯನ್ನು ಗಮನಿಸಿದಾಗ ಮಕ್ಕಳು ಹೆಚ್ಚಾಗಿ ಒಂದೇ ಪದದ ಉತ್ತರ ಕೊಡುವುದು ಕಂಡುಬಂದಿದೆ. ಮಕ್ಕಳನ್ನು ಮಾತನಾಡಿಸುವ ಕ್ರಮದ ಬಗ್ಗೆ ಆರು ದಿನದ ತರಬೇತಿ ಮತ್ತು ಪ್ರತಿ ಶಾಲೆಗೆ ನಾಲ್ಕು ತರಗತಿ ಭೇಟಿ ನಮ್ಮ ಯೋಜನೆ. ಒಟ್ಟು ವೆಚ್ಚ 1,31,040 ರೂಪಾಯಿ. ಶಿಕ್ಷಕಿಯರ ಸಂಬಳ, ಪ್ರಯಾಣ, ಊಟದ 68,040 ರೂಪಾಯಿಯನ್ನು ಶಾಲೆಗಳೇ ಭರಿಸುತ್ತವೆ. ಸಂಪನ್ಮೂಲ ವ್ಯಕ್ತಿ, ಸಾಮಗ್ರಿ, ತರಗತಿ ಭೇಟಿಗೆ ನಿಮ್ಮಿಂದ 63,000 ರೂಪಾಯಿ ಕೋರುತ್ತೇವೆ: ಮೊದಲು 40,000, ಮಧ್ಯಂತರ ವರದಿಯ ನಂತರ 23,000.’

ಅರ್ಧಕ್ಕಿಂತ ಹೆಚ್ಚು ಖರ್ಚು ತಾವೇ ಹೊರುವವರ ಅರ್ಜಿಯನ್ನು ತಳ್ಳಿಹಾಕುವುದು ಕಷ್ಟ. ಫಲಿತಾಂಶವಾಗಿ ‘ಮಕ್ಕಳು ಓದಲು ಕಲಿಯುತ್ತಾರೆ’ ಎಂದು ಬರೆಯಬೇಡಿ. ತರಬೇತಿಗೆ ಮೊದಲು ಮತ್ತು ಆರು ತಿಂಗಳ ನಂತರ ಅದೇ ಇಪ್ಪತ್ತು ನಿಮಿಷದ ಕಥೆಯ ಅವಧಿಯಲ್ಲಿ ಒಂದು ಪದಕ್ಕಿಂತ ಹೆಚ್ಚು ಉತ್ತರ ಕೊಟ್ಟ ಮಕ್ಕಳೆಷ್ಟು ಎಂದು ಎಣಿಸಿ ತೋರಿಸುವುದಾಗಿ ಬರೆಯಿರಿ.

ಹಂತ 8: ಹಣ ಬಂದ ಮೇಲೆ

ಪ್ರತ್ಯೇಕ ಲೆಕ್ಕದ ಪುಸ್ತಕ, ಹಾಜರಿ ಪುಸ್ತಕ, ಬ್ಯಾಂಕ್ ಮೂಲಕವೇ ಸಂಭಾವನೆ, ಎಲ್ಲ ಬಿಲ್ಲುಗಳ ಪ್ರತಿ. ವರ್ಷದ ಕೊನೆಗೆ ಲೆಕ್ಕಪರಿಶೋಧಕರಿಂದ ಹಣ ಬಳಕೆ ಪ್ರಮಾಣಪತ್ರ. ವರದಿಗೆ ಮಕ್ಕಳ ಮುಖ ಕಾಣುವ ಫೋಟೊ ಹಾಕುವುದಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಶಿಕ್ಷಕಿಯರು ಕಲಿಯುತ್ತಿರುವ ಫೋಟೊ ಇದ್ದರೆ ಸಾಕಾಗುತ್ತದೆ. ಕಂಪನಿಗಳ ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ವರದಿಯನ್ನು ಫೆಬ್ರುವರಿಯೊಳಗೆ ಕೊಟ್ಟು, ಮುಂದಿನ ವರ್ಷದ ಬೇಡಿಕೆಯನ್ನು ಅದರ ಕೊನೆಯ ಪುಟದಲ್ಲೇ ಇಡಿ. ಸಂಪನ್ಮೂಲ ವ್ಯಕ್ತಿ ಒಂದು ದಿನ ಬಾರದೆ 5,000 ಉಳಿದಿದ್ದರೆ, ಅದನ್ನು ಎರಡು ಹೆಚ್ಚುವರಿ ತರಗತಿ ಭೇಟಿಗೆ ಬಳಸಬಹುದೇ ಎಂದು ಖರ್ಚು ಮಾಡುವ ಮೊದಲೇ ಪತ್ರ ಬರೆದು ಕೇಳಿ.